ಆ ರಾತ್ರಿಯ ಎರಡು ಒಂದೂವರೆ

ಪ್ರಶ್ನೆ: ಸ್ಟೇಷನ್ ಮಾಸ್ಟರ್ ಸಾರ್, ನಮಸ್ಕಾರ. ನನ್ನ ಮಗಳು ಅಮೆರಿಕದ ನ್ಯೂಜೆರ್ಸಿಯಲ್ಲಿದ್ದಾಳೆ. 2025ರ ನವೆಂಬರ್ 2ರಂದು, ಅಲ್ಲಿಯ ಮಧ್ಯರಾತ್ರಿ ಕಳೆದು ಒಂದೂವರೆಗೆ ಗಂಡು ಮಗು ಹುಟ್ಟಿತು. ಜಾತಕ ಬರೆಸೋಣ ಅಂತ ಅಗ್ರಹಾರದ ಜೋಯಿಸರ ಹತ್ತಿರ ಹೋದರೆ, ‘ಅಮ್ಮಾ, ಆ ರಾತ್ರಿ ಅಲ್ಲಿ ಒಂದೂವರೆ ಎರಡು ಸಲ ಬಂದಿದೆ. ಯಾವ ಒಂದೂವರೆ ಅಂತ ಕೇಳಿಕೊಂಡು ಬನ್ನಿ’ ಎಂದರು. ಅಳಿಯಂದಿರನ್ನು ಕೇಳಿದೆ. ‘ಆಸ್ಪತ್ರೆ ಕಾಗದದಲ್ಲಿ 1:30 ಅಂತಷ್ಟೇ ಇದೆ ಅತ್ತೆ’ ಎನ್ನುತ್ತಾರೆ. ಒಂದೇ ಹೊತ್ತು ಎರಡು ಸಲ ಬರುವುದುಂಟೇ?
– ಒಬ್ಬ ಅಜ್ಜಿ, ಸರಸ್ವತಿಪುರಂ, ಮೈಸೂರು

ಉತ್ತರ: ಉಂಟು ತಾಯಿ. ನಿಮ್ಮ ಜೋಯಿಸರು ಗಟ್ಟಿಗರು, ಅವರನ್ನು ಬಿಡಬೇಡಿ. ಅಮೆರಿಕದಲ್ಲಿ ಮಾರ್ಚ್ ತಿಂಗಳ ಎರಡನೇ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುತ್ತಾರೆ. ನವೆಂಬರಿನ ಮೊದಲ ಭಾನುವಾರ ಹಿಂದಕ್ಕೆ ತರುತ್ತಾರೆ. ಹಿಂದಕ್ಕೆ ತರುವ ರಾತ್ರಿ ಎರಡು ಗಂಟೆ ಆಗುತ್ತಿದ್ದಂತೆ ಮತ್ತೆ ಒಂದು ಗಂಟೆ ಅಂತ ಮಾಡಿಬಿಡುತ್ತಾರೆ. ಹಾಗಾಗಿ ಒಂದರಿಂದ ಎರಡರವರೆಗಿನ ಹೊತ್ತು ಎರಡು ಸಲ ನಡೆಯುತ್ತದೆ. ನಿಮ್ಮ ಮೊಮ್ಮಗ ಸರಿಯಾಗಿ ಅದರ ನಡುವೆ ಬಂದಿದ್ದಾನೆ!

ನನಗೆ ಇದನ್ನು ಮೊದಲು ಕೇಳಿದಾಗ ಬಂದ ಚಿಂತೆ ಬೇರೆ: ಆ ಹೊತ್ತಿಗೆ ಓಡುತ್ತಿರುವ ರೈಲಿನ ಗತಿ ಏನು? ಅಲ್ಲಿಯ ಆಮ್‌ಟ್ರಾಕ್ ರೈಲು ಸರಿಯಾದ ಹೊತ್ತಿಗೆ ಹೋಗುತ್ತಿದ್ದರೆ, ಆ ರಾತ್ರಿ ಯಾವುದೋ ಸ್ಟೇಷನ್ನಿನಲ್ಲಿ ಒಂದು ಗಂಟೆ ಸುಮ್ನೆ ನಿಲ್ಲುತ್ತದೆ. ಹಾಗೆ ನಿಲ್ಲದಿದ್ದರೆ ಮುಂದಿನ ಊರಿಗೆ ಟೈಮ್‌ಟೇಬಲ್ಲಿಗಿಂತ ಮೊದಲೇ ಹೋಗಿ ಕೂರುತ್ತದೆ. ಮಾರ್ಚಿನಲ್ಲಿ ಉಲ್ಟಾ. ನಿಂತಲ್ಲೇ ಒಂದು ಗಂಟೆ ಲೇಟ್. ನನ್ನ ಸರ್ವಿಸಿನಲ್ಲಿ ಇದೊಂದು ಕಾಟ ಇರಲಿಲ್ಲ.

ಜಾತಕದ ವಿಷಯಕ್ಕೆ ಬರೋಣ. ಮೊದಲ ಒಂದೂವರೆ ಅಂದರೆ ಮೈಸೂರಿನಲ್ಲಿ ಭಾನುವಾರ ಬೆಳಗ್ಗೆ 11:00. ಎರಡನೆಯದು ಮಧ್ಯಾಹ್ನ 12:00. ಲಗ್ನ, ಅಂದರೆ ಹುಟ್ಟಿದ ಹೊತ್ತಿಗೆ ಪೂರ್ವದಲ್ಲಿ ಮೂಡುವ ರಾಶಿ, ಸುಮಾರು ಎರಡು ಗಂಟೆಗೊಮ್ಮೆ ಬದಲಾಗುವುದರಿಂದ ಒಂದು ಗಂಟೆ ಹೆಚ್ಚುಕಡಿಮೆಯಾದರೆ ಲಗ್ನವೇ ಬೇರೆ ಆಗಬಹುದು. ಜೋಯಿಸರು ಪಟ್ಟು ಹಿಡಿದಿದ್ದು ಅದಕ್ಕೇ. ನಕ್ಷತ್ರಕ್ಕೆ ಅಷ್ಟು ಭಯವಿಲ್ಲ, ಅದು ಹೆಚ್ಚುಕಡಿಮೆ ಒಂದು ದಿನ ಇರುತ್ತದೆ. ಒಂದೊಂದು ಪಾದವೇ ಆರು ಗಂಟೆಯ ಆಸುಪಾಸು. ಹಾಗಾಗಿ ನಾಮಕರಣದ ಅಕ್ಷರ ಬದಲಾಗುವ ಸಂಭವ ಕಡಿಮೆ. ವಾರ ಮಾತ್ರ ನೆನಪಿಡಿ. ಕಾಗದದಲ್ಲಿ ಭಾನುವಾರ ಅಂತಿದ್ದರೂ, ಪಂಚಾಂಗದ ಲೆಕ್ಕದಲ್ಲಿ ಅಲ್ಲಿ ಸೂರ್ಯ ಹುಟ್ಟುವ ತನಕ ಶನಿವಾರವೇ.

ಈಗ ಸಾಕ್ಷಿ ಹುಡುಕಬೇಕು. ಅದು ನಿಮ್ಮ ಕೈಯಲ್ಲೇ ಇದೆ. ಮಗು ಹುಟ್ಟಿತು ಅಂತ ಅಳಿಯಂದಿರು ಮೊದಲು ಕಳಿಸಿದ ವಾಟ್ಸಾಪ್ ತೆಗೆಯಿರಿ. ನಿಮ್ಮ ಫೋನಿನಲ್ಲಿ ಅದರ ಪಕ್ಕ ಇರುವುದು ನಮ್ಮ ಟೈಮ್. ಹನ್ನೆರಡು ಗಂಟೆಗೆ ಮೊದಲೇ ಬಂದಿದ್ದರೆ ಮಗು ಹುಟ್ಟಿದ್ದು ಮೊದಲ ಒಂದೂವರೆಗೆ, ಬೇರೆ ಮಾತೇ ಇಲ್ಲ. ಹನ್ನೆರಡರ ನಂತರ ಬಂದಿದ್ದರೆ ತೀರ್ಮಾನ ಆಗುವುದಿಲ್ಲ, ಗಡಿಬಿಡಿಯಲ್ಲಿ ತಡವಾಗಿ ಕಳಿಸಿರಬಹುದು. ಆಗ ಮಗುವಿನ ಮೊದಲ ಫೋಟೋ, ಫೋನ್ ಕರೆಗಳ ಪಟ್ಟಿ ನೋಡಿ. ಅದೂ ಆಗದಿದ್ದರೆ, ಹೆರಿಗೆಯ ದಾಖಲೆಯಲ್ಲಿ ಇರುವುದು ‘ಇಡಿಟಿ’ಯೋ ‘ಇಎಸ್‌ಟಿ’ಯೋ ಅಂತ ಆಸ್ಪತ್ರೆಯಲ್ಲಿ ಕೇಳಿಸಿ. ಇಡಿಟಿ ಅಂದರೆ ಅಲ್ಲಿಯ ಬೇಸಿಗೆ ಟೈಮ್, ಹಾಗಾಗಿ ಮೊದಲನೆಯದು. ಇಎಸ್‌ಟಿ ಅಂದರೆ ಗಡಿಯಾರ ಹಿಂದಕ್ಕೆ ತಂದ ಮೇಲಿನ ಟೈಮ್, ಎರಡನೆಯದು.

ಇನ್ನೊಂದು ಮಾತು. ಹಳೆಯ ಜೋಯಿಸರಿಗೆ ಈ ಲೆಕ್ಕ ಹೊಸದಲ್ಲ. ಎರಡನೇ ಮಹಾಯುದ್ಧದಲ್ಲಿ, 1942ರ ಸೆಪ್ಟೆಂಬರ್ 1ರಿಂದ 1945ರ ಅಕ್ಟೋಬರ್ 15ರವರೆಗೆ, ನಮ್ಮ ದೇಶದ ಗಡಿಯಾರವೂ ಒಂದು ಗಂಟೆ ಮುಂದಿತ್ತು. ಆ ವರ್ಷಗಳಲ್ಲಿ ಹುಟ್ಟಿದವರ ಜಾತಕ ಬರೆಯುವಾಗ ಒಂದು ಗಂಟೆ ಕಳೆಯುತ್ತಾರೆ. ನಿಮ್ಮ ಮನೆಯಲ್ಲಿ ಆ ಕಾಲದವರು ಇದ್ದರೆ ಕೇಳಿ ನೋಡಿ.

ಪ್ರಶ್ನೆ: ಪ್ರತಿ ಮಂಗಳವಾರ ಸಂಜೆ 7:30ಕ್ಕೆ ನ್ಯೂಯಾರ್ಕ್ ಮತ್ತು ಲಂಡನ್ನಿನವರ ಜೊತೆ ನನಗೆ ಮೀಟಿಂಗ್. ಮಾರ್ಚಿನಲ್ಲಿ ಇದ್ದಕ್ಕಿದ್ದಂತೆ 6:30 ಆಯಿತು. ಆಮೇಲೆ ಲಂಡನ್ನಿನವರು ‘ನಮಗೆ ಈಗ ಬದಲಾಯಿತು’ ಎಂದರು. ಯಾರನ್ನು ನಂಬಬೇಕೋ ತಿಳಿಯುತ್ತಿಲ್ಲ.
– ಸಾಫ್ಟ್‌ವೇರ್ ಉದ್ಯೋಗಿ, ಕುವೆಂಪುನಗರ, ಮೈಸೂರು

ಉತ್ತರ: ಎಲ್ಲರನ್ನೂ ನಂಬಿ ಮಾರಾಯ, ಎಲ್ಲರೂ ಸರಿಯೇ. ನಿಮ್ಮ ಮೀಟಿಂಗ್ ಯಾವ ಊರಿನ ಗಡಿಯಾರಕ್ಕೆ ಕಟ್ಟಿದೆ? ಅದೊಂದನ್ನು ಕೇಳಿಕೊಳ್ಳಿ, ಸಾಕು. ನೀವು ಹೇಳಿದ್ದು ನೋಡಿದರೆ ಅದು ನ್ಯೂಯಾರ್ಕಿನ ಬೆಳಗಿನ ಒಂಬತ್ತಕ್ಕೆ ಕಟ್ಟಿದ್ದು. ಚಳಿಗಾಲದಲ್ಲಿ ಅವರು ನಮಗಿಂತ ಹತ್ತೂವರೆ ಗಂಟೆ ಹಿಂದೆ, ಬೇಸಿಗೆಯಲ್ಲಿ ಒಂಬತ್ತೂವರೆ. ಲಂಡನ್ನಿನವರು ಗಡಿಯಾರ ತಿರುಗಿಸುವುದು ಮಾರ್ಚಿನ ಕೊನೆಯ ಭಾನುವಾರ. ನಡುವೆ ಎರಡೋ ಮೂರೋ ವಾರ ಅವರಿಬ್ಬರ ತಾಳ ತಪ್ಪಿರುತ್ತದೆ. ಆಗ ಲಂಡನ್ನಿನವನಿಗೆ ಎಂದಿನ ಎರಡು ಗಂಟೆಯ ಬದಲು ಒಂದಕ್ಕೇ ಮೀಟಿಂಗ್, ಊಟದ ಹೊತ್ತಿಗೆ. ಅಕ್ಟೋಬರ್ ಕೊನೆಯ ಭಾನುವಾರದಿಂದ ಒಂದು ವಾರ ಮತ್ತೆ ಇದೇ ಪಾಡು. ನಮ್ಮದು ಮಾತ್ರ ಅಲುಗಾಡುವುದೇ ಇಲ್ಲ, ಆದರೂ ಅವರ ದೆಸೆಯಿಂದ ನಾವು ಓಡಬೇಕು.

ಮೀಟಿಂಗನ್ನು ಮೈಸೂರಿನ ಟೈಮಿಗೆ ಕಟ್ಟಿ ಅಂತ ಒಮ್ಮೆ ಕೇಳಿ ನೋಡಿ. ಬೇಸಿಗೆಯಲ್ಲಿ ಅವರು ಹತ್ತು ಗಂಟೆಗೆ ಕೂರಲಿ, ಏನೀಗ? ಒಪ್ಪುವುದು ಕಷ್ಟ, ದುಡ್ಡು ಕೊಡುವವರ ಗಡಿಯಾರವೇ ನಡೆಯುತ್ತದೆ. ಅದೇನೇ ಇರಲಿ, ಪತ್ರದಲ್ಲಿ ‘ಇಎಸ್‌ಟಿ’ ಅಂತ ವರ್ಷಪೂರ್ತಿ ಬರೆಯುವ ಚಾಳಿ ಬಿಡಿ. ಬೇಸಿಗೆಯಲ್ಲಿ ಅದು ತಪ್ಪು. ‘ನ್ಯೂಯಾರ್ಕ್ ಟೈಮ್’ ಅಂತ ಊರಿನ ಹೆಸರು ಬರೆದರೆ ಮುಗಿಯಿತು. ನಮ್ಮ ‘ಐಎಸ್‌ಟಿ’ ಕೂಡ ಅಷ್ಟೇ, ಐರ್ಲೆಂಡಿನವರೂ ಇಸ್ರೇಲಿನವರೂ ಅದೇ ಮೂರಕ್ಷರ ಬರೆಯುತ್ತಾರೆ. ಅರಿಜೋನಾದಲ್ಲಿ ಯಾರಾದರೂ ಜೊತೆಗಾರರಿದ್ದರೆ ಅವರನ್ನು ಬೇರೆಯಾಗಿ ಕೇಳಿ. ಆ ರಾಜ್ಯದ ಬಹುಪಾಲು ಕಡೆ ಗಡಿಯಾರ ಮುಟ್ಟುವುದೇ ಇಲ್ಲ.

ಪ್ರಶ್ನೆ: ರೈತರಿಗೆ ಅನುಕೂಲ ಆಗಲಿ ಅಂತ ವಿದೇಶದಲ್ಲಿ ಹೀಗೆ ಗಡಿಯಾರ ತಿರುಗಿಸಲು ಶುರು ಮಾಡಿದರಂತೆ. ಹಾಗಿದ್ದರೆ ನಮ್ಮಲ್ಲಿ ಯಾಕೆ ಮಾಡುವುದಿಲ್ಲ?
– ಕಬ್ಬು ಬೆಳೆಗಾರ, ಪಾಂಡವಪುರ

ಉತ್ತರ: ಇದು ಯಾರು ಕಟ್ಟಿದ ಕತೆಯೋ! ಅಮೆರಿಕದಲ್ಲಿ 1918ರಲ್ಲಿ ಇದನ್ನು ತಂದಾಗ ಜೋರಾಗಿ ವಿರೋಧಿಸಿದವರೇ ರೈತರು. ಮರುವರ್ಷವೇ ಅಲ್ಲಿಯ ಸಂಸತ್ತು ಅದನ್ನು ತೆಗೆದುಹಾಕಿತು. ಆಮೇಲೆ ಮತ್ತೆ ಬಂತು. ಮೊದಲು ದೇಶಕ್ಕೆಲ್ಲ ಇದನ್ನು ತಂದ ಜರ್ಮನಿ 1916ರಲ್ಲಿ ಯೋಚಿಸಿದ್ದು ಕಲ್ಲಿದ್ದಲು ಉಳಿಸುವುದನ್ನು, ರೈತರನ್ನಲ್ಲ. ನಿಮ್ಮ ಮನೆಯ ಹಸುವಿಗೆ ಗಡಿಯಾರ ಗೊತ್ತೇ? ಹಸು ಎಂದಿನ ಹೊತ್ತಿಗೇ ಕೆಚ್ಚಲು ಬಿಗಿದು ಕೂಗುತ್ತದೆ. ಡೈರಿಯವರು ಮಾತ್ರ ಹೊಸ ಟೈಮಿಗೆ ಬಾಗಿಲು ಹಾಕಿರುತ್ತಾರೆ.

ನಮ್ಮಲ್ಲಿ ಇದರಿಂದ ಸಿಗುವುದೂ ಏನಿಲ್ಲ. ಲಂಡನ್ನಿನಲ್ಲಿ ಜೂನಿನ ಹಗಲು ಹದಿನಾರೂವರೆ ಗಂಟೆಗೂ ಜಾಸ್ತಿ, ಡಿಸೆಂಬರಿನಲ್ಲಿ ಎಂಟಕ್ಕೂ ಕಡಿಮೆ. ಮೈಸೂರು, ಮಂಡ್ಯದ ಕಡೆ ಅತಿ ದೊಡ್ಡ ಹಗಲಿಗೂ ಅತಿ ಚಿಕ್ಕ ಹಗಲಿಗೂ ಒಂದೂವರೆ ಗಂಟೆಯ ವ್ಯತ್ಯಾಸವೂ ಇಲ್ಲ. ಜೂನಿನಲ್ಲಿ ಆರಕ್ಕೆ ಸ್ವಲ್ಪ ಮುಂಚೆ ಬೆಳಗಾಗುತ್ತದೆ, ಅಷ್ಟೇ. ಬೆಳಗಿನಿಂದ ಕಳ್ಳತನ ಮಾಡಿ ಸಂಜೆಗೆ ಸೇರಿಸಲು ಬೆಳಕೇ ಮಿಕ್ಕಿಲ್ಲವಲ್ಲ! ಹೇಗೂ ನಿಮ್ಮ ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕರೆಂಟ್ ಬರುವ ಹೊತ್ತೇ ನಿಮ್ಮ ಗಡಿಯಾರ ಅಲ್ವಾ?

ಪ್ರಶ್ನೆ: ಮಗಳು ನ್ಯೂಜೆರ್ಸಿಯಲ್ಲಿ ಸೋಮವಾರ ಗೃಹಪ್ರವೇಶ ಇಟ್ಟುಕೊಂಡಿದ್ದಾಳೆ. ನಮ್ಮ ಕ್ಯಾಲೆಂಡರಿನಲ್ಲಿ ಸೋಮವಾರದ ರಾಹುಕಾಲ ಏಳೂವರೆಯಿಂದ ಒಂಬತ್ತು. ಅಲ್ಲಿಗೆ ಎಷ್ಟು ಗಂಟೆ ಕಳೆಯಬೇಕು?
– ಗೃಹಿಣಿ, ಮದ್ದೂರು

ಉತ್ತರ: ಏನೂ ಕಳೆಯಬೇಡಿ ತಾಯಿ. ಹಗಲನ್ನು ಎಂಟು ಪಾಲು ಮಾಡಿದರೆ ಸೋಮವಾರ ಎರಡನೇ ಪಾಲು ರಾಹುಕಾಲ. ಆರಕ್ಕೆ ಬೆಳಗಾಗಿ ಆರಕ್ಕೆ ಕತ್ತಲಾಗುತ್ತದೆ ಅಂತ ಇಟ್ಟುಕೊಂಡು ಕ್ಯಾಲೆಂಡರಿನವರು ಏಳೂವರೆ ಅಂತ ಹಾಕಿರುತ್ತಾರೆ. ಅಲ್ಲಿ ಜೂನಿನಲ್ಲಿ ಹಗಲು ಹದಿನೈದು ಗಂಟೆ, ಹಾಗಾಗಿ ರಾಹುಕಾಲ ಹೆಚ್ಚುಕಡಿಮೆ 7:20ರಿಂದ 9:10. ಡಿಸೆಂಬರಿನಲ್ಲಿ ಹಗಲು ಒಂಬತ್ತು ಗಂಟೆ ಚಿಲ್ಲರೆ, ಆಗ 8:30ರಿಂದ 9:35ರ ಆಸುಪಾಸು. ಆ ದಿನ ಅವರ ಊರಿನಲ್ಲಿ ಸೂರ್ಯ ಹುಟ್ಟುವ, ಮುಳುಗುವ ಹೊತ್ತು ಫೋನಿನಲ್ಲೇ ಸಿಗುತ್ತದೆ, ಮಗಳೇ ಲೆಕ್ಕ ಹಾಕಿಕೊಳ್ಳಲಿ. ನೀವು ಮಾತ್ರ ಗೋಡೆಯ ಕ್ಯಾಲೆಂಡರಿನ ಫೋಟೋ ತೆಗೆದು ಕಳಿಸಬೇಡಿ.