ಬಟೋನಾ ಹಾದಿಯಲ್ಲಿ ಗುಲಾಬಿ ಗುರುತು ಮಾಯವಾದರೆ

ಅಮೆರಿಕದ ನ್ಯೂಜೆರ್ಸಿಯ ಪೈನ್ ಬ್ಯಾರೆನ್ಸ್ ಕಾಡಿನ ಬಟೋನಾ ಕಾಲುಹಾದಿಯಲ್ಲಿ ಮರಗಳ ಮೇಲೆ ಬಳಿದ ಗುಲಾಬಿ ಗುರುತುಗಳನ್ನು ಹಿಡಿದು ನಡೆಯಬೇಕು; ಅಲ್ಲಿ ದಾರಿ ತಪ್ಪಿತೆಂದು ನೀವು ಬರೆದಿದ್ದೀರಿ. ನೀವು ದಾರಿ ತಪ್ಪಿದ್ದು ಹೆಚ್ಚಾಗಿ ಮರಳು ರಸ್ತೆ ಅಡ್ಡಬಂದ ಜಾಗದಲ್ಲಿ. ಹಾದಿಯ ಮೇಲಿನ ಬ್ಯಾಟ್‌ಸ್ಟೊ ಹಳ್ಳಿ ಬಿಟ್ಟು ಒಂದು ಗಂಟೆ ನಡೆದ ಮೇಲೆ ಮರದ ಮೇಲಿನ ಗುಲಾಬಿ ಗುರುತೇ ಕಾಣಲಿಲ್ಲ ಎಂದಿದ್ದೀರಿ. ಅದು ಯಾವ ಅಡ್ಡರಸ್ತೆ ಎಂದು ಖಚಿತವಾಗಿ ಹೇಳಲಾರೆ. ಈ ಕಾಡಿನಲ್ಲಿ ಇಂಥ ರಸ್ತೆಗಳು ಲೆಕ್ಕವಿಲ್ಲದಷ್ಟಿವೆ, ಕಾಲುಹಾದಿಗಿಂತ ಅವೇ ಅಗಲವಾಗಿ ಕಾಲನ್ನು ಎಳೆದುಕೊಳ್ಳುತ್ತವೆ.

ಮುಂದಿನ ಸಲ ಐದು ನಿಮಿಷ ಗುರುತು ಕಾಣದಿದ್ದರೆ ಅಲ್ಲೇ ನಿಲ್ಲಿ. ಮುಂದೆ ಹೋಗಿ ಹುಡುಕಬೇಡಿ, ಕೊನೆಯ ಗುರುತು ಕಂಡ ಮರಕ್ಕೆ ಹಿಂದಿರುಗಿ. ಅಲ್ಲಿಂದ ರಸ್ತೆಯ ಆಚೆ ಬದಿಯನ್ನು ಮೊದಲು ನೋಡಿ, ಆಮೇಲೆ ಎಡಕ್ಕೂ ಬಲಕ್ಕೂ ತುಸು ದೂರ ನಡೆಯಿರಿ. ಹಾದಿ ಕೆಲವೆಡೆ ರಸ್ತೆಯ ಜೊತೆಗೇ ಸಾಗಿ ಮತ್ತೆ ಕಾಡಿಗೆ ಹೊರಳುತ್ತದೆ. ಬೆಂಕಿ ಹಾದುಹೋದ ಕಡೆ ತೊಗಟೆ ಕಪ್ಪಾಗಿ ಬಣ್ಣ ಮಸುಕಾಗಿರಬಹುದು, ಸೊಂಟಕ್ಕಿಂತ ಮೇಲೆ ಕಣ್ಣಾಡಿಸಿ.

ನಕ್ಷೆಯನ್ನು ಮನೆಯಲ್ಲೇ ಮೊಬೈಲ್‌ಗೆ ಇಳಿಸಿಕೊಳ್ಳಿ, ಕಾಡಿನೊಳಗೆ ಸಿಗ್ನಲ್ ನಂಬುವಂತಿಲ್ಲ. ನಕ್ಷೆಯಲ್ಲಿ ರಸ್ತೆ ಕಂಡಿತೆಂದು ಸಣ್ಣ ಕಾರನ್ನು ಮಾತ್ರ ಮರಳಿಗೆ ಇಳಿಸಬೇಡಿ! ಪ್ಯಾಂಟನ್ನು ಕಾಲುಚೀಲದೊಳಗೆ ತೂರಿಸಿ, ಮನೆಗೆ ಬಂದೊಡನೆ ಮಂಡಿಯ ಹಿಂಭಾಗ, ಕಂಕುಳಲ್ಲಿ ರಕ್ತ ಹೀರುವ ಉಣ್ಣಿ ಕಚ್ಚಿಕೊಂಡಿದೆಯೇ ಎಂದು ನೋಡಿಕೊಳ್ಳಿ. ಹೊಳೆಯ ನೀರು ಚಹಾದ ಬಣ್ಣಕ್ಕಿರುವುದು ಕೊಳೆಯಿಂದಲ್ಲ, ಸೀಡರ್ ಮರಗಳ ಒಗರಿನಿಂದ ಮತ್ತು ಕಬ್ಬಿಣದಿಂದ. ಆದರೂ ಸೋಸಿ ಶುದ್ಧಗೊಳಿಸದೆ ಕುಡಿಯಬೇಡಿ.