ಸರಾಸರಿ ಹೆಚ್ಚಿದ್ದರೆ ಗುಣವೂ ಹೆಚ್ಚೆ?

ಪ್ರಶ್ನೆ: ಬಿ.ಎಡ್. ಓದುವ 120 ಕನ್ನಡ ಮಾಧ್ಯಮದವರಿಗೂ 110 ಇಂಗ್ಲಿಷ್ ಮಾಧ್ಯಮದವರಿಗೂ ವ್ಯಕ್ತಿತ್ವದ ಐದು ಮುಖ್ಯ ಗುಣಗಳನ್ನು 1ರಿಂದ 5ರ ಅಂಕದಲ್ಲಿ ಅಳೆಯುವ 44 ಹೇಳಿಕೆಗಳ ‘ಬಿಗ್ ಫೈವ್’ ಪ್ರಶ್ನಾವಳಿಯನ್ನು ಅವರವರ ಭಾಷೆಯಲ್ಲೇ ಕೊಟ್ಟಿದ್ದೆ. ಶಿಸ್ತಿನ ಗುಣದಲ್ಲಿ ಕನ್ನಡದವರ ಸರಾಸರಿ 3.9, ಇಂಗ್ಲಿಷಿನವರದು 3.6; ಸ್ಟ್ಯಾಂಡರ್ಡ್ ಡೀವಿಯೇಶನ್ (ಅಂಕಗಳ ಹರಡುವಿಕೆ) ಎರಡರಲ್ಲೂ 0.6. ಕನ್ನಡದವರೇ ಹೆಚ್ಚು ಶಿಸ್ತಿನವರು ಎಂದು ಬರೆಯಬಹುದೆ? ಆದರೆ ಐದು ಗುಣಗಳ ಗ್ರಾಫ್ ಎರಡೂ ಗುಂಪಿನಲ್ಲಿ ಒಂದೇ ಥರ ಇದೆ, ಸಹಸಂಬಂಧ 0.95.
– ಸಂಶೋಧನಾ ವಿದ್ಯಾರ್ಥಿನಿ, ಧಾರವಾಡ

ಉತ್ತರ: ಈಗಲೇ ಬರೆಯಬೇಡಿ. ಮೊದಲು ಶಿಸ್ತಿನ 9 ಹೇಳಿಕೆಗಳನ್ನು ನೇರ (ಒಪ್ಪಿದರೆ ಶಿಸ್ತು), ಉಲ್ಟಾ (ಒಪ್ಪಿದರೆ ಅಶಿಸ್ತು) ಎಂದು ಬೇರೆ ಮಾಡಿ. ಉಲ್ಟಾ ಹೇಳಿಕೆಯ ಅಂಕವನ್ನು 6ರಿಂದ ಕಳೆದು, ಎರಡು ಗುಂಪಿನ ಅಂತರವನ್ನು ಎರಡೂ ಕಡೆ ನೋಡಿ. ಅಂತರ ನೇರ ಹೇಳಿಕೆಗಳಲ್ಲಷ್ಟೇ ಇದ್ದರೆ ನೀವು ಅಳೆದದ್ದು ಶಿಸ್ತನ್ನಷ್ಟೇ ಅಲ್ಲ, ‘ಹೌದು ಹೌದು’ ಎನ್ನುವ ಅಭ್ಯಾಸವನ್ನೂ. ಅನುವಾದವನ್ನೂ ತೆಗೆದು ನೋಡಿ: ‘ನಾನು ಸೋಮಾರಿಯಲ್ಲ’ ಎಂಬುದಕ್ಕೆ ‘ಒಪ್ಪುವುದಿಲ್ಲ’ ಎಂದು ಗುರುತು ಹಾಕುವಾಗ ಎಂಥವರೂ ತಡವರಿಸುತ್ತಾರೆ. ‘ನಾನು ಸೋಮಾರಿ’ ಎಂದೇ ಇರಲಿ.

ಆಮೇಲೆ ಮಾಪನ ಸಮಾನತೆಯ ಪರೀಕ್ಷೆ, ಅಂದರೆ ಎರಡೂ ಭಾಷೆಯಲ್ಲಿ ಪ್ರಶ್ನಾವಳಿ ಒಂದೇ ಅಳತೆಗೋಲಾಗಿದೆಯೆ ಎಂದು ನೋಡುವುದು. ರಚನೆ (ಯಾವ ಹೇಳಿಕೆ ಯಾವ ಗುಣಕ್ಕೆ ಸೇರುತ್ತದೆ), ಭಾರ (ಹೇಳಿಕೆಗೂ ಗುಣಕ್ಕೂ ಎಷ್ಟು ನಂಟು), ಆರಂಭ ಬಿಂದು (ಗುಣ ಸಮವಿದ್ದಾಗ ಅಂಕವೂ ಸಮವೆ) ಹೀಗೆ ಮೂರು ಹಂತ. ಹಂತದಿಂದ ಹಂತಕ್ಕೆ, ಮಾದರಿ ದತ್ತಾಂಶಕ್ಕೆ ಎಷ್ಟು ಹೊಂದುತ್ತದೆಂದು ಹೇಳುವ ಸಿಎಫ್‌ಐ 0.01ಕ್ಕಿಂತ ಹೆಚ್ಚು ಕುಸಿಯಬಾರದು ಎಂಬುದು ರೂಢಿ. ಸರಾಸರಿ ಹೋಲಿಸಲು ಮೂರನೆಯದೂ ದಾಟಬೇಕು. ಬಹುತೇಕ ಪ್ರಬಂಧಗಳು ಮುಗ್ಗರಿಸುವುದು ಅಲ್ಲೇ. ನಿಮ್ಮಲ್ಲಿರುವಷ್ಟು ಜನಕ್ಕೆ 44 ಹೇಳಿಕೆಗಳನ್ನೂ ಒಟ್ಟಿಗೆ ಪರೀಕ್ಷೆಗೆ ಹಾಕಬೇಡಿ, ಒಂದೊಂದೇ ಗುಣ ತೆಗೆದುಕೊಳ್ಳಿ.

ಇಷ್ಟೆಲ್ಲ ದಾಟಿದರೂ ಒಂದು ತೊಡಕು ಉಳಿಯುತ್ತದೆ. ಜನ ತಮ್ಮನ್ನು ಅಳೆದುಕೊಳ್ಳುವುದು ಅಕ್ಕಪಕ್ಕದವರ ಜೊತೆ. 2007ರಲ್ಲಿ ಪ್ರಕಟವಾದ 56 ರಾಷ್ಟ್ರಗಳ ಹೋಲಿಕೆಯಲ್ಲಿ ಶಿಸ್ತಿನ ಅಂಕದಲ್ಲಿ ಜಪಾನ್ ತಳದಲ್ಲಿತ್ತು! ಹಾಜರಾತಿ, ಅಸೈನ್‌ಮೆಂಟ್ ಕೊಟ್ಟ ದಿನಾಂಕ ಇಂಥ ಹೊರಗಿನ ಸಾಕ್ಷ್ಯ ಸೇರಿಸಿ.

ಅಂತರವೇನೂ ಭಾರೀ ಅಲ್ಲ. ಸರಾಸರಿಗಳ ಅಂತರ 0.3ನ್ನು ಸ್ಟ್ಯಾಂಡರ್ಡ್ ಡೀವಿಯೇಶನ್ 0.6ರಿಂದ ಭಾಗಿಸಿದರೆ 0.5. ಅಂದರೆ ಎರಡೂ ಗುಂಪಿನಿಂದ ಒಬ್ಬೊಬ್ಬರನ್ನು ಆರಿಸುತ್ತ ಹೋದರೆ ನೂರರಲ್ಲಿ ಸುಮಾರು 64 ಸಲ ಕನ್ನಡದವರ ಅಂಕ ಮೇಲಿರುತ್ತದೆ, ಅಷ್ಟೆ.

ಇನ್ನು 0.95ಕ್ಕೆ ಮರುಳಾಗಬೇಡಿ. ಸಹಸಂಬಂಧ ಗ್ರಾಫಿನ ಆಕಾರವನ್ನಷ್ಟೇ ನೋಡುತ್ತದೆ, ಎತ್ತರವನ್ನಲ್ಲ. ಮನೋವಿಜ್ಞಾನಿಗಳಾದ ಕ್ರಾನ್‌ಬಾಕ್ ಮತ್ತು ಗ್ಲೆಸರ್ 1953ರಲ್ಲೇ ಇದನ್ನು ಎಚ್ಚರಿಸಿದ್ದರು. ‘ಸ್ನೇಹಪರ’ಕ್ಕೆ ಹೆಚ್ಚು, ‘ಆತಂಕ’ಕ್ಕೆ ಕಡಿಮೆ ಅಂಕ ಹಾಕಿಕೊಳ್ಳುವುದು ಎಲ್ಲೆಡೆಯ ರೂಢಿ, ಹಾಗಾಗಿ ಯಾವ ಎರಡು ಗುಂಪಾದರೂ ಹೊಂದುತ್ತವೆ. ಪ್ರತಿ ಗುಣದ ಅಂಕದಿಂದ ಆ ಗುಣದಲ್ಲಿ ಜನಸಾಮಾನ್ಯರ ಸರಾಸರಿಯನ್ನು ಕಳೆದು ಹೋಲಿಸಿ. ಆ ಸರಾಸರಿ ನಿಮ್ಮ 230 ಜನರದ್ದೇ ಆಗಿರಬಾರದು: ಎರಡೇ ಗುಂಪಿದ್ದಾಗ ಒಂದು ಮೇಲೇರಿದಲ್ಲಿ ಇನ್ನೊಂದು ಕೆಳಗಿಳಿದು, ಸಹಸಂಬಂಧ ಯಾವಾಗಲೂ −1 ಬರುತ್ತದೆ.