ಓದುಗರ ಪ್ರಶ್ನೆ: ನಾಲ್ಕೇ ಟ್ರ್ಯಾಕಿನ ಗಿಟಾರ್ ಪಾಪ್

ಪ್ರಶ್ನೆ: ನ್ಯೂಜಿಲೆಂಡಿನ ‘ದ ಕ್ಲೀನ್’ ಬ್ಯಾಂಡು ಹುಟ್ಟಿದ್ದು ಹೇಗೆ? ಮೊದಲ ರೆಕಾರ್ಡು ಬಹಳ ಅಗ್ಗದಲ್ಲಿ ಆಯಿತಂತೆ, ಹೌದೇ?
– ಓದುಗರೊಬ್ಬರು, ಮೈಸೂರು

ಉತ್ತರ: ಹೌದು. ಡನೀಡಿನ್ ಊರಲ್ಲಿ 1978ರಲ್ಲಿ ಕಿಲ್ಗೋರ್ ಅಣ್ಣತಮ್ಮಂದಿರು ಇದನ್ನು ಕಟ್ಟಿದರು. ಹೇಮಿಶ್ ಡ್ರಮ್ಸ್, ಡೇವಿಡ್ ಗಿಟಾರ್. ಬಾಸ್ ನುಡಿಸುವವರು ಬದಲಾಗಿ, 1980ರಲ್ಲಿ ರಾಬರ್ಟ್ ಸ್ಕಾಟ್ ಸೇರಿದ ಮೇಲೆ ತಂಡ ಗಟ್ಟಿಯಾಯಿತು. 1981ರ ‘ಟ್ಯಾಲಿ ಹೋ’ ಸಿಂಗಲ್‌ಗೆ ತಗುಲಿದ ಖರ್ಚು ನೂರು ಡಾಲರನ್ನೂ ಮುಟ್ಟಲಿಲ್ಲ. ಅದರ ಆರ್ಗನ್ ನುಡಿಸಿದ್ದು ‘ದ ಚಿಲ್ಸ್’ನ ಮಾರ್ಟಿನ್ ಫಿಲಿಪ್ಸ್. ಆರ್ಗನ್ ಮುಂದೆ ನುಗ್ಗಿ ಗಿಟಾರ್ ತೆಳುವಾಗಿದೆ ಅನ್ನುವುದು ನಮ್ಮ ತಕರಾರು. ಆದರೂ ರೋಜರ್ ಶೆಪರ್ಡ್ ಆಗಷ್ಟೇ ಶುರುಮಾಡಿದ್ದ ‘ಫ್ಲೈಯಿಂಗ್ ನನ್’ ಕಂಪನಿಯ ಈ ರೆಕಾರ್ಡು ದೇಶದ ಮಾರಾಟದ ಪಟ್ಟಿಯಲ್ಲಿ 19ನೇ ಸ್ಥಾನ ಹಿಡಿಯಿತು.

ಪ್ರಶ್ನೆ: ಅದೇ ವರ್ಷದ ‘ದ ಕ್ಲೀನ್’ ರೆಕಾರ್ಡು ‘ಬೂಡಲ್ ಬೂಡಲ್ ಬೂಡಲ್’ನ ಐದೂ ಹಾಡು ಬರೀ 4 ಟ್ರ್ಯಾಕ್ ಯಂತ್ರದಲ್ಲಿ (ಒಂದೇ ಟೇಪಿನ ಮೇಲೆ ಬೇರೆ ಬೇರೆಯಾಗಿ ಸದ್ದು ಹಿಡಿಯುವ ನಾಲ್ಕು ಸಾಲು) ಆದವಂತೆ. ಡ್ರಮ್ಸ್, ಬಾಸ್, ಗಿಟಾರ್, ದನಿ ಎಲ್ಲ ಅಷ್ಟರಲ್ಲಿ ಹಿಡಿಸುವುದು ಹೇಗೆ?
– ಓದುಗರೊಬ್ಬರು, ಧಾರವಾಡ

ಉತ್ತರ: ಯಂತ್ರ ಕ್ರಿಸ್ ನಾಕ್ಸ್ ಅವರ ಟೀಯಾಕ್ ಟೇಪ್ ರೆಕಾರ್ಡರ್; ಜತೆಗಿದ್ದವರು ಡಗ್ ಹುಡ್. ನಾಕ್ಸ್ ಅವರ ‘ಟಾಯ್ ಲವ್’ ಬ್ಯಾಂಡು ಸಿಡ್ನಿಯ ಸ್ಟುಡಿಯೊದಲ್ಲಿ ಮಾಡಿದ ಆಲ್ಬಮ್ಮಿನ ಸದ್ದು ಅವರಿಗೆ ಹಿಡಿಸಿರಲಿಲ್ಲ. ಸ್ವಂತ ಯಂತ್ರದ ಹಠ ಅಲ್ಲಿಂದ ಬಂದದ್ದು.

ಇಂಥ ಯಂತ್ರದಲ್ಲಿ ಮಾಡುವ ಉಪಾಯಕ್ಕೆ ಬೌನ್ಸ್ ಅನ್ನುತ್ತಾರೆ. ಡ್ರಮ್ಸ್ 1ರಲ್ಲಿ, ಬಾಸ್ ಮತ್ತು ಗಿಟಾರ್ 2ರಲ್ಲಿ ತೆಗೆದು, ಎರಡನ್ನೂ ಬೆರೆಸಿ 4ಕ್ಕೆ ಇಳಿಸಿ. ಈಗ 1, 2, 3 ಖಾಲಿ: ದನಿ, ಎರಡನೇ ಗಿಟಾರ್, ಕೋರಸ್. ಇಳಿಸುವಾಗ 3ನ್ನು ಖಾಲಿ ಬಿಡಲೇಬೇಕು. ಪಕ್ಕದ ಟ್ರ್ಯಾಕಿಗೇ ಇಳಿಸಿದರೆ ಹೆಡ್ಡಿನೊಳಗೆ (ಟೇಪಿನ ಮೇಲೆ ಸದ್ದು ಬರೆಯುವ, ಓದುವ ಭಾಗ) ಸದ್ದು ಸೋರಿ ಕೀಂ ಎಂದು ಕೂಗುತ್ತದೆ.

ತಪ್ಪುವುದು ಹೆಚ್ಚಾಗಿ ಬಾಸಿನಲ್ಲಿ. ಒಮ್ಮೆ ಬೆರೆತ ಮೇಲೆ ಬಾಸ್ ಒಂದನ್ನೇ ಏರಿಸಲಾಗದು, ಡ್ರಮ್ಸೂ ಏರುತ್ತದೆ. ಹಳೆಯ ಟ್ರ್ಯಾಕುಗಳನ್ನು ಅಳಿಸುವ ಮುನ್ನ ಬೆರಕೆಯನ್ನು ಬೇರೆ ಸ್ಪೀಕರಿನಲ್ಲೂ ಕೇಳಿ. ಇನ್ನೊಂದು, ಬೌನ್ಸ್ ಮಾಡುವಾಗ ಯಂತ್ರ ರೆಕಾರ್ಡ್ ಹೆಡ್ಡಿನಿಂದಲೇ ನುಡಿಸುವುದರಿಂದ ಮೇಲಿನ ಸ್ವರಗಳು ಮಂಕಾಗುತ್ತವೆ. ಸಿಂಬಲ್ ಸ್ವಲ್ಪ ಚುರುಕೆನಿಸುವಷ್ಟು ಟ್ರೆಬಲ್ ಕೊಟ್ಟೇ ಇಳಿಸಿ. ಪ್ರತಿ ಬೌನ್ಸಿಗೂ ಟೇಪಿನ ‘ಹಿಸ್’, ಅಂದರೆ ಸುಸ್ಸೆನ್ನುವ ಹಿನ್ನೆಲೆ ಸದ್ದು, ಏರುತ್ತದೆ. ಒಂದಕ್ಕಿಂತ ಹೆಚ್ಚು ಬೇಡ. ಸೆಕೆಂಡಿಗೆ 15 ಇಂಚು ವೇಗದಲ್ಲಿ ಹಿಸ್ ಕಡಿಮೆ, ಟೇಪ್ ಮಾತ್ರ ನೀರಿನಂತೆ ಖರ್ಚು: 1,200 ಅಡಿಯ ಸುರುಳಿ 16 ನಿಮಿಷಕ್ಕೆ ಮುಗಿಯುತ್ತದೆ.

‘ಬೂಡಲ್’ ರೆಕಾರ್ಡು ಪಟ್ಟಿಯಲ್ಲಿ ಮೊದಲ ಐದರೊಳಗೆ ಬಂತು. ಚಿಲ್ಸ್ ಸೇರಿ ನಾಲ್ಕು ಬ್ಯಾಂಡುಗಳು ತಲಾ ಒಂದು ಬದಿ ಹಂಚಿಕೊಂಡ 1982ರ ‘ಡನೀಡಿನ್ ಡಬಲ್’ ಕೂಡ ನಾಕ್ಸ್ ಅವರ 4 ಟ್ರ್ಯಾಕಿನದೇ.

ಪ್ರಶ್ನೆ: ನನ್ನ ಬಳಿ ಹಳೆಯ ಕ್ಯಾಸೆಟ್ 4 ಟ್ರ್ಯಾಕ್ ಇದೆ. ಯಾವ ಕ್ಯಾಸೆಟ್ ಹಾಕಲಿ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಕೈಪಿಡಿಯಲ್ಲಿ ಬೇರೆ ಹೇಳಿಲ್ಲವಾದರೆ ಕ್ರೋಮ್ ಬಗೆಯ 60 ನಿಮಿಷದ್ದು. 120ರದ್ದು ಬೇಡ, ತೆಳು ಟೇಪ್ ಹಿಗ್ಗಿ ಸುತ್ತಿಕೊಳ್ಳುತ್ತದೆ. ನಾಲ್ಕು ಟ್ರ್ಯಾಕೂ ಒಂದೇ ದಿಕ್ಕಿನಲ್ಲಿ ಓಡುವುದರಿಂದ ಕ್ಯಾಸೆಟ್ ತಿರುಗಿಸಿ ಹಾಕಬೇಡಿ, ಮೊದಲು ತೆಗೆದದ್ದು ಅಳಿಸಿಹೋಗುತ್ತದೆ. 60 ನಿಮಿಷದ ಕ್ಯಾಸೆಟ್ಟಿನಲ್ಲಿ ಸಿಗುವುದು 30 ನಿಮಿಷ, ಇಮ್ಮಡಿ ವೇಗದಲ್ಲಾದರೆ 15. ಶುರುಮಾಡುವ ಮುನ್ನ ಹತ್ತಿಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಹೆಡ್ಡನ್ನು ಒರೆಸಿ. ಟೇಪನ್ನು ಎಳೆಯುವ ರಬ್ಬರ್ ಉರುಳೆಗೆ ಅದು ಬೇಡ, ಸೋಪು ನೀರು ಸಾಕು.